ಹೆಸರು ಕೇಳದ ದಾನ

ಮನುಷ್ಯ ಹುಟ್ಟಿನಿಂದ ಉದಾರಿಯೋ ಸ್ವಾರ್ಥಿಯೋ ಎಂಬ ಚರ್ಚೆ ಬಹಳ ಹಳೆಯದು. ಆದರೆ ದಿನನಿತ್ಯದ ಬದುಕನ್ನು ನೋಡಿದರೆ ಈ ಪ್ರಶ್ನೆಯನ್ನೇ ಸ್ವಲ್ಪ ಬದಲಿಸಿ ಕೇಳಬೇಕಾಗುತ್ತದೆ. ಮಗಳ ಮದುವೆಗೆ ಸಾಲ ಮಾಡಿ ಖರ್ಚು ಮಾಡುವ ತಂದೆ, ರಸ್ತೆಯಲ್ಲಿ ಬಿದ್ದ ಅಪರಿಚಿತನನ್ನು ಆಟೋದಲ್ಲಿ ಕೂರಿಸಲು ಹಿಂದೆ ಮುಂದೆ ನೋಡುತ್ತಾನೆ. ಅವನು ಜಿಪುಣನಲ್ಲ, ಕಲ್ಲೆದೆಯವನೂ ಅಲ್ಲ. ಅವನ ಔದಾರ್ಯಕ್ಕೆ ಒಂದು ಎಲ್ಲೆ ಇದೆ. ಹಾಗಾಗಿ ಮನುಷ್ಯ ಕೊಡುತ್ತಾನೋ ಇಲ್ಲವೋ ಎಂದು ಕೇಳುವುದಕ್ಕಿಂತ, ಯಾರವರೆಗೆ ಕೊಡುತ್ತಾನೆ, ಯಾರ ಮುಂದೆ ಅವನ ಕೈ ನಿಲ್ಲುತ್ತದೆ ಎಂದು ಕೇಳುವುದು ಹೆಚ್ಚು ಉಪಯುಕ್ತ.

ಕಳೆದ ಎರಡು ದಶಕಗಳಲ್ಲಿ ಮಿದುಳಿನ ವಿಜ್ಞಾನಿಗಳು ಈ ಎಲ್ಲೆಯನ್ನು ಅಳೆಯಲು ಯತ್ನಿಸಿದ್ದಾರೆ. ಅವರ ಅಳತೆಯನ್ನು ದಕ್ಷಿಣ ಬೆಂಗಳೂರಿನ ಚರಿತ್ರೆಯ ಪಕ್ಕದಲ್ಲಿಟ್ಟು ನೋಡುವುದು ಈ ಲೇಖನದ ಉದ್ದೇಶ. ಲಾಲ್‌ಬಾಗಿನಿಂದ ಹೊಸೂರು ರಸ್ತೆ ಹಿಡಿದು ಡೇರಿ ವೃತ್ತದವರೆಗೆ, ಅಲ್ಲಿಂದ ಜಯನಗರ, ಬಿಟಿಎಂ ಬಡಾವಣೆ, ಜೆ.ಪಿ. ನಗರಗಳತ್ತ ಚಾಚಿಕೊಂಡ ಈ ಭಾಗದಲ್ಲಿ ಮಿದುಳಿನ ಅಧ್ಯಯನವೂ ಅಪರಿಚಿತರಿಗೆ ಕೊಡುವ ಸಂಪ್ರದಾಯವೂ ಅಕ್ಕಪಕ್ಕದಲ್ಲೇ ಬೆಳೆದಿವೆ.

ಮಿದುಳಿನ ಅಳತೆಗೋಲು

2006ರಲ್ಲಿ ಜೋನ್ಸ್ ಮತ್ತು ರಾಕ್ಲಿನ್ ಎಂಬ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು ಒಂದು ಸರಳ ಪ್ರಯೋಗವನ್ನು ಪ್ರಕಟಿಸಿದರು. ನಿಮಗೆ ಅತ್ಯಂತ ಹತ್ತಿರದವರಿಂದ ಆರಂಭಿಸಿ, ಮುಖ ಪರಿಚಯವೂ ಇಲ್ಲದವರವರೆಗೆ ನೂರು ಜನರ ಪಟ್ಟಿಯೊಂದನ್ನು ಕಲ್ಪಿಸಿಕೊಳ್ಳಿ. ಪಟ್ಟಿಯ ಮೊದಲನೆಯವರಿಗೆ ಹಣ ಸಿಗಲಿ ಎಂದು ನೀವು ಎಷ್ಟು ಬಿಟ್ಟುಕೊಡುತ್ತೀರಿ? ಹತ್ತನೆಯವರಿಗೆ? ಐವತ್ತನೆಯವರಿಗೆ? ಉತ್ತರಗಳನ್ನು ಜೋಡಿಸಿದಾಗ ಒಂದು ಇಳಿಜಾರು ಕಾಣಿಸಿತು. ಮೊದಲ ಕೆಲವರ ನಂತರ ಔದಾರ್ಯ ಕಡಿದಾಗಿ ಇಳಿಯುತ್ತದೆ. ಆಮೇಲೆ ನಿಧಾನವಾಗಿ ತೆಳ್ಳಗಾಗುತ್ತಾ ಹೋಗುತ್ತದೆ. ನಮ್ಮ ಅಜ್ಜಿಯರು ಯಾವ ಪ್ರಯೋಗವೂ ಇಲ್ಲದೆ ಇದನ್ನು ಹೇಳಬಲ್ಲವರಾಗಿದ್ದರು. ಅದನ್ನು ಲೆಕ್ಕಕ್ಕೆ ಇಳಿಸಿದ್ದು ಹೊಸತು.

ಅದೇ 2006ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಸಂಶೋಧಕರು ಸ್ಕ್ಯಾನ್ ಯಂತ್ರದೊಳಗೆ ಮಲಗಿದವರಿಗೆ ಸೇವಾ ಸಂಸ್ಥೆಗಳಿಗೆ ಹಣ ಕೊಡುವ ಅವಕಾಶ ನೀಡಿದರು. ಹಣ ಪಡೆದಾಗ ಚುರುಕಾಗುವ ಮಿದುಳಿನ ಭಾಗಗಳು ಹಣ ಕೊಟ್ಟಾಗಲೂ ಚುರುಕಾದವು. ಕೊಡುವುದರಲ್ಲಿ ಸುಖವಿದೆ ಎಂಬ ಮಾತು ಬರೀ ಉಪದೇಶವಲ್ಲ ಎಂಬುದಕ್ಕೆ ಇದೊಂದು ಸಾಕ್ಷಿಯಾಯಿತು.

ಹಾಗಾದರೆ ದೂರದವರಿಗೆ ಕೊಡುವಾಗ ಈ ಸುಖ ಯಾಕೆ ಕರಗುತ್ತದೆ? 2025ರಲ್ಲಿ ಪ್ರಕಟವಾದ ಒಂದು ಅಧ್ಯಯನ ಈ ಪ್ರಶ್ನೆಯನ್ನು ಬೇರೊಂದು ದಿಕ್ಕಿನಿಂದ ನೋಡಿತು. ನಮ್ಮ ಮಿದುಳಿನ ಒಳಭಾಗದಲ್ಲಿ, ಎರಡೂ ಬದಿಗೆ ಬಾದಾಮಿಯಾಕಾರದ ಒಂದೊಂದು ಸಣ್ಣ ಗಂಟು ಇದೆ. ವೈದ್ಯರು ಇದನ್ನು ಅಮಿಗ್ಡಲ ಎನ್ನುತ್ತಾರೆ. ಭಯ, ಅಕ್ಕರೆ, ಯಾರನ್ನು ನಂಬಬೇಕು ಎಂಬ ಅಂದಾಜು, ಇವುಗಳಲ್ಲೆಲ್ಲ ಅದರ ಪಾತ್ರವಿದೆ. ಉರ್ಬಾಕ್-ವೀತೆ ಎಂಬ ಅಪರೂಪದ ಆನುವಂಶಿಕ ಕಾಯಿಲೆಯಲ್ಲಿ ಕೆಲವರಿಗೆ ಮಿದುಳಿನ ಉಳಿದ ಭಾಗ ಸರಿಯಾಗಿದ್ದು ಈ ಗಂಟಿನ ಒಂದು ಭಾಗ ಮಾತ್ರ ಹಾಳಾಗುತ್ತದೆ. ದಕ್ಷಿಣ ಆಫ್ರಿಕಾದ ಇಂತಹ ಐವರಿಗೆ ಹಣ ಹಂಚುವ ಆಟ ಕೊಟ್ಟು ನೋಡಲಾಯಿತು. ಅವರು ಆಪ್ತರ ವಿಷಯದಲ್ಲಿ ಇತರರಷ್ಟೇ ಉದಾರಿಗಳಾಗಿದ್ದರು. ದೂರದವರ ಸರದಿ ಬಂದಾಗ ಮಾತ್ರ ಅವರ ಕೈ ಇತರರಿಗಿಂತ ಬೇಗ ಬಿಗಿಯಾಯಿತು.

ಇದಕ್ಕೆ ತದ್ವಿರುದ್ಧವಾದ ಜನರೂ ಇದ್ದಾರೆ. ಯಾವ ಸಂಬಂಧವೂ ಇಲ್ಲದವರಿಗೆ ತಮ್ಮ ಒಂದು ಮೂತ್ರಪಿಂಡವನ್ನು ಬದುಕಿರುವಾಗಲೇ ಕೊಟ್ಟವರನ್ನು ಅಬಿಗೇಲ್ ಮಾರ್ಷ್ ಎಂಬ ಅಮೆರಿಕದ ವಿಜ್ಞಾನಿ 2014ರಲ್ಲಿ ಅಭ್ಯಸಿಸಿದರು. ಅವರ ಬಲಬದಿಯ ಅಮಿಗ್ಡಲ ಸರಾಸರಿಗಿಂತ ದೊಡ್ಡದಿತ್ತು, ಮತ್ತೊಬ್ಬರ ಮುಖದ ಭಯಕ್ಕೆ ಅದು ಹೆಚ್ಚು ಸ್ಪಂದಿಸುತ್ತಿತ್ತು. ಆ ತಂಡವೇ 2017ರಲ್ಲಿ ಇನ್ನೊಂದು ಸಂಗತಿಯನ್ನು ತೋರಿಸಿತು. ಇಂತಹ ದಾನಿಗಳಲ್ಲಿ, ನಾವು ಮೇಲೆ ಹೇಳಿದ ಇಳಿಜಾರು ಬಹಳ ಕಡಿಮೆ ಇರುತ್ತದೆ. ನೂರನೆಯವನೂ ಅವರಿಗೆ ಅಷ್ಟೇನೂ ದೂರದವನಲ್ಲ.

ಐವರ ಮೇಲಿನ ಅಧ್ಯಯನದಿಂದ ಇಡೀ ಮನುಕುಲದ ಬಗ್ಗೆ ತೀರ್ಪು ಕೊಡಲಾಗದು. ದೊಡ್ಡ ಗಂಟಿನಿಂದ ದಾನ ಹುಟ್ಟಿತೋ, ಬದುಕಿದ ರೀತಿಯಿಂದ ಗಂಟು ಬೆಳೆಯಿತೋ ಎಂಬುದನ್ನು ಸ್ಕ್ಯಾನ್ ಹೇಳುವುದಿಲ್ಲ. ಆದರೆ ಇಷ್ಟನ್ನು ಹೇಳಬಹುದು: ಹತ್ತಿರದವರು, ದೂರದವರು ಎಂಬ ಎಣಿಕೆ ನಮ್ಮ ತಲೆಯೊಳಗೆ ಸದಾ ನಡೆಯುತ್ತಿರುತ್ತದೆ. ಹೆಚ್ಚಿನ ಸಲ ಅದು ನಮಗೆ ತಿಳಿಯುವುದೂ ಇಲ್ಲ.

ಇಬ್ನು ಸೀನಾನ ಕುರಿ

ಸಾವಿರ ವರ್ಷಗಳ ಹಿಂದೆ ಬದುಕಿದ್ದ ವೈದ್ಯ, ದಾರ್ಶನಿಕ ಇಬ್ನು ಸೀನಾ (980-1037) ಈ ಎಣಿಕೆಯ ಬಗ್ಗೆ ಯೋಚಿಸಿದ್ದ. ಕುರಿ ತೋಳವನ್ನು ಕಂಡರೆ ಓಡುತ್ತದೆ, ತನ್ನ ಮರಿಯನ್ನು ಕಂಡರೆ ಹತ್ತಿರ ಹೋಗುತ್ತದೆ. ತೋಳದ ಬಣ್ಣ, ಆಕಾರಗಳನ್ನು ಕಣ್ಣು ನೋಡುತ್ತದೆ. ಆದರೆ ಅದರ ಹಗೆತನ ಕಣ್ಣಿಗೆ ಕಾಣುವ ವಸ್ತುವಲ್ಲ. ಹಾಗಿದ್ದ ಮೇಲೆ ಹಗೆಯನ್ನೂ ಪ್ರೀತಿಯನ್ನೂ ಗುರುತಿಸುವ ಬೇರೊಂದು ಒಳಶಕ್ತಿ ಇರಲೇಬೇಕು. ಅದನ್ನು ಅವನು ವಹ್ಮ್ ಎಂದು ಕರೆದ, ಅದರ ನೆಲೆ ಮಿದುಳಿನ ನಡುವಿನ ಪೊಳ್ಳಿನಲ್ಲಿದೆ ಎಂದ.

ಇಂದಿನ ಶರೀರಶಾಸ್ತ್ರದ ಪ್ರಕಾರ ಅವನು ಗುರುತಿಸಿದ ಜಾಗ ಸರಿಯಲ್ಲ. ಅಮಿಗ್ಡಲವನ್ನು ಅವನು ಮೊದಲೇ ಕಂಡುಹಿಡಿದಿದ್ದ ಎಂದು ಹೆಮ್ಮೆಪಡುವ ಅಗತ್ಯವೂ ನಮಗಿಲ್ಲ. ಅವನ ಪ್ರಶ್ನೆ ಮಾತ್ರ ಇಂದಿಗೂ ಜೀವಂತ. ಕುರಿಗೆ ತೋಳ ಯಾರೆಂದು ತಪ್ಪುವುದಿಲ್ಲ. ಮನುಷ್ಯನಿಗೆ ತಪ್ಪುತ್ತದೆ. ನೆರೆಮನೆಯವನನ್ನೇ ತೋಳವೆಂದು ನಂಬಿಸಬಹುದು. ಹಾಗೆಯೇ, ಎಂದೂ ಕಾಣದವನನ್ನು ತನ್ನವನೆಂದು ನಂಬುವಂತೆಯೂ ಮಾಡಬಹುದು. ಅಳತೆಗೋಲು ಮಿದುಳಿನಲ್ಲಿದ್ದರೂ ಅದರ ಮೇಲೆ ಗೀಟು ಎಳೆಯುವವರು ಮನೆ, ಶಾಲೆ, ಮಸೀದಿ, ಮಠ, ಪತ್ರಿಕೆ, ರಾಜಕೀಯ.

ಈ ಗೀಟುಗಳನ್ನು ಅಳಿಸಿ ಬರೆಯಬಹುದು ಎಂಬುದಕ್ಕೂ ಪುರಾವೆ ಇದೆ. 2016ರಲ್ಲಿ ಸ್ವಿಟ್ಜರ್ಲೆಂಡಿನ ಒಂದು ಪ್ರಯೋಗದ ಫಲಿತಾಂಶ ಪ್ರಕಟವಾಯಿತು. ಅಲ್ಲಿ ಬಾಲ್ಕನ್ ಮೂಲದ ವಲಸಿಗರನ್ನು ಕಂಡರೆ ಅನೇಕರಿಗೆ ಅಷ್ಟಕ್ಕಷ್ಟೆ. ಪ್ರಯೋಗದಲ್ಲಿ ಭಾಗವಹಿಸಿದ ಸ್ವಿಸ್ ಯುವಕರಿಗೆ ನೋವಿನ ಶಾಕ್ ಕೊಡುವಾಗ, ಅಂತಹ ಹೊರಗಿನವನೊಬ್ಬ ತನ್ನ ಹಣ ಬಿಟ್ಟುಕೊಟ್ಟು ಅವರ ನೋವು ತಪ್ಪಿಸುತ್ತಾನೆ ಎಂದು ತೋರಿಸಲಾಯಿತು. ಇಂತಹ ಕೆಲವೇ ಅನುಭವಗಳ ನಂತರ ಹೊರಗಿನವರ ನೋವಿಗೆ ಅವರ ಮಿದುಳು ಸ್ಪಂದಿಸುವ ರೀತಿ ಬದಲಾಯಿತು. ಸಹಾಯ ಮಾಡಿದ ಆ ಒಬ್ಬನಿಗಷ್ಟೇ ಅಲ್ಲ, ಅವನ ಗುಂಪಿನ ಇತರರಿಗೂ ಅದು ಮರುಗಿತು.

ಗುರುತಿಲ್ಲದವರಿಗಾಗಿ ಕಟ್ಟಿದ ವ್ಯವಸ್ಥೆ

ನಮ್ಮ ಹಿರಿಯರಿಗೆ ಈ ಇಳಿಜಾರಿನ ಅರಿವಿತ್ತು ಎಂದೇ ತೋರುತ್ತದೆ. ಹಾಗಾಗಿಯೇ ದೂರದವರ ಪಾಲನ್ನು ಅವರು ಮನಸ್ಸಿನ ಮರ್ಜಿಗೆ ಬಿಡದೆ ವ್ಯವಸ್ಥೆಯನ್ನಾಗಿ ಕಟ್ಟಿದರು. ಕನ್ನಡ ನಾಡಿನ ಶಾಸನಗಳಲ್ಲಿ ಮತ್ತೆ ಮತ್ತೆ ಕಾಣುವ ಅರವಟಿಗೆ, ಛತ್ರ, ಕೆರೆಗೆ ಬಿಟ್ಟ ದತ್ತಿ, ಇವೆಲ್ಲ ದಾರಿಹೋಕನಿಗಾಗಿ ಇದ್ದವು. ಅರವಟಿಗೆಯಲ್ಲಿ ನೀರು ಕುಡಿದವನು ಅದನ್ನು ಕಟ್ಟಿಸಿದವನ ಮುಖ ನೋಡುವುದಿಲ್ಲ. ಜೈನರ ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ನಾಲ್ಕು ದಾನಗಳೂ ಶರಣರ ದಾಸೋಹವೂ ಕೊಡುವುದನ್ನು ಒಂದು ಕ್ಷಣದ ಕನಿಕರದಿಂದ ಬಿಡಿಸಿ ನಿತ್ಯದ ಕರ್ತವ್ಯವಾಗಿ ಮಾಡಿದವು.

ಇಸ್ಲಾಮಿನಲ್ಲಿ ಝಕಾತ್ ಮಾಡುವುದೂ ಇದನ್ನೇ. ನಿಗದಿತ ಮಿತಿ ದಾಟಿದ ಉಳಿತಾಯದ ಶೇಕಡಾ 2.5 ಭಾಗ ಉಳ್ಳವನದಲ್ಲ, ಅದು ಪಡೆಯುವವನ ಹಕ್ಕು. ಪವಿತ್ರ ಕುರ್‌ಆನ್ ಒಂಬತ್ತನೆಯ ಅಧ್ಯಾಯದ ಅರವತ್ತನೆಯ ಸೂಕ್ತದಲ್ಲಿ ಅದಕ್ಕೆ ಎಂಟು ವರ್ಗಗಳ ಹಕ್ಕುದಾರರನ್ನು ಹೆಸರಿಸುತ್ತದೆ. ಅವರಲ್ಲಿ ಸಾಲದಲ್ಲಿ ಮುಳುಗಿದವನಿದ್ದಾನೆ, ಊರು ಬಿಟ್ಟು ದಾರಿಯಲ್ಲಿ ಸಿಕ್ಕಿಬಿದ್ದ ಪ್ರಯಾಣಿಕನೂ ಇದ್ದಾನೆ. ತಂದೆ ತಾಯಿಗೆ, ಹೆಂಡತಿ ಮಕ್ಕಳಿಗೆ ಝಕಾತ್ ಕೊಡುವಂತಿಲ್ಲ ಎಂಬ ನಿಯಮವನ್ನು ಇಲ್ಲಿ ಗಮನಿಸಬೇಕು. ಅವರನ್ನು ಸಾಕುವುದು ಹೇಗೂ ನಮ್ಮ ಹೊಣೆ. ಆ ಖರ್ಚನ್ನೇ ಝಕಾತ್ ಎಂದು ತೋರಿಸಿ ದೂರದವನ ಪಾಲನ್ನು ತಪ್ಪಿಸುವಂತಿಲ್ಲ.

ಹೊಸೂರು ರಸ್ತೆಯ ಆಸ್ಪತ್ರೆಗಳು

ಈ ಹಳೆಯ ವ್ಯವಸ್ಥೆಗಳ ಆಧುನಿಕ ರೂಪವನ್ನು ನೋಡಬೇಕಾದರೆ ಹೊಸೂರು ರಸ್ತೆಗೆ ಬರಬೇಕು. ಬೆಂಗಳೂರಿನಲ್ಲಿ ಮಾನಸಿಕ ರೋಗಿಗಳಿಗೆ ಆಸರೆಯೊಂದನ್ನು ಡಾ. ಚಾರ್ಲ್ಸ್ ಇರ್ವಿಂಗ್ ಸ್ಮಿತ್ 1847ರಲ್ಲಿ ಆರಂಭಿಸಿದರು. ಆಗ ಅದರ ಹೆಸರು ಹುಚ್ಚಾಸ್ಪತ್ರೆ ಎಂದೇ ಇತ್ತು. 1925ರಲ್ಲಿ ಆ ಹೆಸರು ಹೋಗಿ ಮಾನಸಿಕ ಆಸ್ಪತ್ರೆ ಎಂದಾಯಿತು. ಸರ್ ಮಿರ್ಜಾ ಇಸ್ಮಾಯಿಲ್ (1926-41) ಮೈಸೂರಿನ ದಿವಾನರಾಗಿದ್ದ ಕಾಲದಲ್ಲಿ, 1937ರಲ್ಲಿ, ಅದು ಲಕ್ಕಸಂದ್ರದ ಬಳಿಯ ಈಗಿನ ವಿಶಾಲ ಆವರಣಕ್ಕೆ ಬಂತು. 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಅಲ್ಲಿ ಶುರುವಾಯಿತು. 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯಿತು.

ಸ್ವಂತ ಮನೆಯವರೇ ದೂರ ಮಾಡಿದ್ದ ರೋಗಿಗೆ ಸರಕಾರದ ಖರ್ಚಿನಲ್ಲಿ ಹಾಸಿಗೆ, ಊಟ, ಔಷಧ ಕೊಡುವುದು ಸಣ್ಣ ಮಾತಲ್ಲ. ಹುಚ್ಚ ಎಂಬ ಹೆಸರು ಹೋಗಿ ರೋಗಿ ಎಂಬ ಹೆಸರು ಬರುವುದೂ ಸಣ್ಣ ಮಾತಲ್ಲ. ಹೆಸರು ಬದಲಾದರೆ ದೂರವೂ ಬದಲಾಗುತ್ತದೆ.

ನಿಮ್ಹಾನ್ಸ್ ಪಕ್ಕದಲ್ಲೇ 1973ರಲ್ಲಿ ಕ್ಯಾನ್ಸರ್ ಆಸ್ಪತ್ರೆ ಆರಂಭವಾಯಿತು. ಅದಕ್ಕೆ ಸ್ವಾತಂತ್ರ್ಯ ಹೋರಾಟಗಾರ, ನೆಹರೂ ಸಂಪುಟದ ಸಚಿವ ರಫಿ ಅಹ್ಮದ್ ಕಿದ್ವಾಯಿ (1894-1954) ಅವರ ಹೆಸರಿಟ್ಟರು. ಇಂದು ರಾಯಚೂರು, ಕಲಬುರಗಿಗಳ ಹಳ್ಳಿಗಳಲ್ಲಿ ಕಿದ್ವಾಯಿಗೆ ಕರೆದುಕೊಂಡು ಹೋಗಿದ್ದಾರೆ ಎಂದರೆ ಮುಂದೆ ವಿವರಿಸಬೇಕಾಗಿಲ್ಲ. ಉತ್ತರ ಪ್ರದೇಶದ ಆ ಮುಸ್ಲಿಂ ರಾಜಕಾರಣಿ ಯಾರೆಂದು ಆ ರೋಗಿಗಳಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ, ಗೊತ್ತಿರಬೇಕಾದ ಅಗತ್ಯವೂ ಇಲ್ಲ. ಅರವಟಿಗೆಯ ನೀರಿನ ಹಾಗೆ ಅದು.

ಇದೇ ರಸ್ತೆಯಲ್ಲಿ ಲಾಲ್‌ಬಾಗಿನ ಎದುರಿಗೆ ಅಲ್-ಅಮೀನ್ ಕಾಲೇಜಿದೆ. ಶಸ್ತ್ರವೈದ್ಯರಾಗಿದ್ದ ಡಾ. ಮುಮ್ತಾಝ್ ಅಹ್ಮದ್ ಖಾನ್ 1966ರಲ್ಲಿ ಅಲ್-ಅಮೀನ್ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. ಶಿಕ್ಷಣದಲ್ಲಿ ಹಿಂದುಳಿದಿದ್ದ ಮುಸ್ಲಿಂ ಸಮುದಾಯವನ್ನು ಮೇಲೆತ್ತುವುದು ಅವರ ಗುರಿಯಾಗಿತ್ತು. ಆದರೆ ತರಗತಿಯ ಬಾಗಿಲು ಎಲ್ಲ ಸಮುದಾಯದ ಮಕ್ಕಳಿಗೂ ತೆರೆದಿತ್ತು. ಹತ್ತಿರದವರ ಅಗತ್ಯದಿಂದ ಆರಂಭಿಸಿದ ಕೆಲಸ ದೂರದವರನ್ನೂ ಒಳಗೊಳ್ಳುವಷ್ಟು ಅಗಲವಾಗಬಹುದು ಎಂಬುದಕ್ಕೆ ಇದು ಉದಾಹರಣೆ.

1995ರಲ್ಲಿ ನಿಮ್ಹಾನ್ಸ್ ಆವರಣದಲ್ಲಿ ದೇಶದಲ್ಲೇ ಮೊದಲನೆಯದಾದ ಮಿದುಳು ಬ್ಯಾಂಕ್ ಆರಂಭವಾಯಿತು. ಇದನ್ನು ರೂಪಿಸಿದವರಲ್ಲಿ ನರರೋಗಶಾಸ್ತ್ರಜ್ಞ ಡಾ. ಎಸ್.ಕೆ. ಶಂಕರ್ ಪ್ರಮುಖರು. ಅಪಘಾತಗಳಲ್ಲಿ ಮತ್ತು ನಾನಾ ಕಾಯಿಲೆಗಳಿಂದ ತೀರಿಕೊಂಡವರ ಮಿದುಳುಗಳನ್ನು ಮನೆಯವರ ಒಪ್ಪಿಗೆ ಪಡೆದು, ಸಂಶೋಧನೆಗಾಗಿ ಇಲ್ಲಿ ಅತಿ ಶೀತದಲ್ಲಿ ಕಾಪಿಡುತ್ತಾರೆ. ಮರೆವಿನ ಕಾಯಿಲೆ, ಪಾರ್ಕಿನ್ಸನ್, ಅಪಸ್ಮಾರ ಮೊದಲಾದವುಗಳ ಅಧ್ಯಯನಕ್ಕೆ ಇವು ಬೇಕು. ಅಲ್ಲಿಯ ವಸ್ತುಸಂಗ್ರಹಾಲಯದಲ್ಲಿ ಸಾರ್ವಜನಿಕರು ಮನುಷ್ಯನ ಮಿದುಳನ್ನು ಕೈಯಲ್ಲಿ ಹಿಡಿದು ನೋಡುವ ಅವಕಾಶವನ್ನೂ ಮಾಡಿದ್ದಾರೆ. ಒಂದು ಕಿಲೋ ಮುನ್ನೂರು ನಾನೂರು ಗ್ರಾಂ ತೂಕ, ಅಷ್ಟೆ. ಅದು ಯಾವ ಜಾತಿಯವನದು, ಯಾವ ಧರ್ಮದವನದು ಎಂದು ಯಾವ ಪರಿಣತನೂ ನೋಡಿ ಹೇಳಲಾರ.

ಈ ದಾನದ ಸ್ವರೂಪವನ್ನು ಸ್ವಲ್ಪ ಯೋಚಿಸಬೇಕು. ಮಿದುಳು ಕೆಲವೇ ಗಂಟೆಗಳಲ್ಲಿ ಕೆಡತೊಡಗುತ್ತದೆ. ಆದ್ದರಿಂದ ಶವಾಗಾರದ ಹೊರಗೆ ಅಳುತ್ತಾ ನಿಂತ ಮನೆಯವರನ್ನು ಆಗಲೇ ಕೇಳಬೇಕು. ಅವರು ಒಪ್ಪಿದರೆ ಅದರಿಂದ ಅವರಿಗೆ ಲಾಭವಿಲ್ಲ. ಪ್ರಯೋಜನ ಪಡೆಯುವ ರೋಗಿ ಇನ್ನೂ ಹುಟ್ಟಿರಲಿಕ್ಕೂ ಇಲ್ಲ. ನೂರು ಜನರ ಪಟ್ಟಿಯಲ್ಲಿ ಅವನಿಗೆ ಸ್ಥಾನವೇ ಇಲ್ಲ. ಆದರೂ ಸಾಮಾನ್ಯ ಕುಟುಂಬಗಳು ಒಪ್ಪಿವೆ. ಹಾಗಾಗಿಯೇ ಆ ಬ್ಯಾಂಕ್ ಮೂರು ದಶಕ ಉಳಿದು ಬಂದಿದೆ.

2021ರ ಬೇಸಿಗೆ

ಕೊರೋನಾದ ಎರಡನೇ ಅಲೆ ಬೆಂಗಳೂರನ್ನು ಅಪ್ಪಳಿಸಿದ 2021ರ ಏಪ್ರಿಲ್-ಮೇ ತಿಂಗಳುಗಳು ನಮ್ಮ ನೆನಪಿನಿಂದ ಮಾಸುವಂಥವಲ್ಲ. ಆಸ್ಪತ್ರೆಯಲ್ಲಿ ಹಾಸಿಗೆ ಇಲ್ಲ, ಆಮ್ಲಜನಕ ಇಲ್ಲ. ಬನಶಂಕರಿ, ವಿಲ್ಸನ್ ಗಾರ್ಡನ್ ಚಿತಾಗಾರಗಳ ಮುಂದೆ ಆಂಬುಲೆನ್ಸ್‌ಗಳ ಸಾಲು. ಹೆತ್ತವರ ಶವವನ್ನು ಮುಟ್ಟಲು ಮಕ್ಕಳೇ ಹೆದರಿದ ದಿನಗಳವು. ರೋಗದ ಭಯ ಹತ್ತಿರದವರನ್ನೂ ದೂರದವರನ್ನಾಗಿ ಮಾಡಿತ್ತು. ಆಗ ಅಪರಿಚಿತರು ಮುಂದೆ ಬಂದರು. ಹಿಂದಿನ ವರ್ಷ ಹಲವು ಸಂಸ್ಥೆಗಳು ಸೇರಿ ರಚಿಸಿಕೊಂಡಿದ್ದ ಮರ್ಸಿ ಮಿಷನ್ ಒಕ್ಕೂಟದ ಸ್ವಯಂಸೇವಕರು ಆಯಾ ಧರ್ಮದ ಪದ್ಧತಿಯಂತೆ ಅಂತ್ಯಸಂಸ್ಕಾರಕ್ಕೆ ನೆರವಾದರು. ರಮಝಾನ್ ಉಪವಾಸ ಹಿಡಿದ ಯುವಕರು ರಕ್ಷಣಾ ಉಡುಪಿನೊಳಗೆ ಬೆವರುತ್ತಾ ಹೆಣಕ್ಕೆ ಹೆಗಲು ಕೊಟ್ಟರು.

ಅದೇ ದಿನಗಳಲ್ಲಿ, ಮೇ 4ರಂದು, ಜಯನಗರದಲ್ಲಿ ಆಗಿನ ಬಿಬಿಎಂಪಿಯ ದಕ್ಷಿಣ ವಲಯದ ಕೋವಿಡ್ ವಾರ್ ರೂಮಿಗೆ ಬೆಂಗಳೂರು ದಕ್ಷಿಣದ ಸಂಸದರು ಮತ್ತು ಕೆಲವು ಶಾಸಕರು ಭೇಟಿ ಕೊಟ್ಟರು. ಹಾಸಿಗೆ ಹಂಚಿಕೆಯಲ್ಲಿ ಅಕ್ರಮ ನಡೆದಿದೆ ಎಂಬುದು ಅವರ ಆರೋಪ. ಆರೋಪ ಗಂಭೀರವಾಗಿತ್ತು, ತನಿಖೆ ಆಗಲೇಬೇಕಿತ್ತು. ಆದರೆ ಅಲ್ಲಿ ಕೆಲಸ ಮಾಡುತ್ತಿದ್ದ ಇನ್ನೂರಕ್ಕೂ ಹೆಚ್ಚು ಸಿಬ್ಬಂದಿಯಲ್ಲಿ 17 ಮಂದಿಯ ಹೆಸರನ್ನು ಮಾತ್ರ ಕ್ಯಾಮೆರಾದ ಮುಂದೆ ಗಟ್ಟಿಯಾಗಿ ಓದಲಾಯಿತು. ಹದಿನೇಳೂ ಮುಸ್ಲಿಂ ಹೆಸರುಗಳು. ಅವರನ್ನು ಕೆಲಸದಿಂದ ದೂರವಿಡಲಾಯಿತು, ಪಟ್ಟಿ ಮೊಬೈಲ್‌ಗಳಲ್ಲಿ ಹರಿದಾಡಿತು. ಪೊಲೀಸರು ವಿಚಾರಿಸಿದರು. ಅಕ್ರಮದಲ್ಲಿ ಅವರ ಪಾತ್ರ ಕಂಡುಬರಲಿಲ್ಲ ಎಂದು ಮುಂದೆ ಪತ್ರಿಕೆಗಳು ವರದಿ ಮಾಡಿದವು.

ಈ ಘಟನೆಯನ್ನು ಇಲ್ಲಿ ನೆನೆಯುವುದು ದೂರಿಗಾಗಿ ಅಲ್ಲ. ಹಿಂದಿನ ದಿನದವರೆಗೆ ಯಾವುದೋ ಮನೆಯ ರೋಗಿಗೆ ಹಾಸಿಗೆ ಹುಡುಕಿಕೊಡುತ್ತಿದ್ದ ಯುವಕ, ಹೆಸರು ಓದಿದ ಕೂಡಲೇ ಅದೇ ಮನೆಯವರಿಗೆ ತೋಳವಾಗಿ ಕಂಡ. ಅವನ ಕೆಲಸ ಬದಲಾಗಿರಲಿಲ್ಲ, ಮುಖವೂ ಬದಲಾಗಿರಲಿಲ್ಲ. ನೋಡುವವರ ತಲೆಯೊಳಗಿನ ಗೀಟು ಮಾತ್ರ ಜರುಗಿತ್ತು. ಅದು ತಾನಾಗಿ ಜರುಗಿದ್ದೂ ಅಲ್ಲ.

ಅದೇ ತಿಂಗಳ 27ರಂದು ಅಲ್-ಅಮೀನ್‌ನ ಮುಮ್ತಾಝ್ ಅಹ್ಮದ್ ಖಾನ್ ನಿಧನರಾದರು. ಇನ್ನೂ ಎರಡು ವಾರ ಕಳೆದ ಮೇಲೆ, ಜೂನ್ 12ರ ರಾತ್ರಿ, ಜೆ.ಪಿ. ನಗರ ಏಳನೇ ಹಂತದಲ್ಲಿ ಬೈಕ್ ಅಪಘಾತವೊಂದು ಸಂಭವಿಸಿತು. ಗಾಯಗೊಂಡವರು ರಾಷ್ಟ್ರಪ್ರಶಸ್ತಿ ವಿಜೇತ ನಟ ಸಂಚಾರಿ ವಿಜಯ್. ಕಡೂರು ತಾಲೂಕಿನ ಪಂಚನಹಳ್ಳಿಯಿಂದ ಬಂದಿದ್ದ ಅವರು ಆ ದಿನಗಳಲ್ಲಿ ಕೊರೋನಾ ಪರಿಹಾರ ಕಾರ್ಯದಲ್ಲಿ ತೊಡಗಿಕೊಂಡಿದ್ದರು. ತಲೆಗೆ ಬಿದ್ದ ಪೆಟ್ಟಿನಿಂದ ಅವರ ಮಿದುಳು ಕೆಲಸ ನಿಲ್ಲಿಸಿತು. ವಯಸ್ಸು ಬರೀ 37. ಕುಟುಂಬದವರು ಅಂಗಾಂಗ ದಾನಕ್ಕೆ ಒಪ್ಪಿದರು.

ನಮ್ಮ ದೇಶದ ಅಂಗಾಂಗ ಕಸಿ ಕಾಯ್ದೆ 1994ರದ್ದು. ಅದರಂತೆ ನಾಲ್ವರು ವೈದ್ಯರ ಮಂಡಳಿ ಕನಿಷ್ಠ ಆರು ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿದ ಮೇಲೆಯೇ ಮಿದುಳು ಸಾವನ್ನು ಘೋಷಿಸಬೇಕು. ಅಂಗಗಳು ಯಾರಿಗೆ ಎಂಬುದನ್ನು ದಾನಿಯ ಮನೆಯವರು ಆರಿಸುವುದಿಲ್ಲ. ಕಾಯುವವರ ಪಟ್ಟಿ, ರಕ್ತದ ಗುಂಪು, ಕಾಯಿಲೆಯ ತೀವ್ರತೆ ಇವು ಅದನ್ನು ತೀರ್ಮಾನಿಸುತ್ತವೆ. ಪಡೆದವರ ಹೆಸರನ್ನು ದಾನಿಯ ಕುಟುಂಬಕ್ಕೆ ಹೇಳುವ ರೂಢಿಯೂ ಇಲ್ಲ. ಮೇ ತಿಂಗಳಲ್ಲಿ ಜಯನಗರದಲ್ಲಿ ಹೆಸರು ಓದಿ ಹತ್ತಿರದವರನ್ನು ದೂರ ಮಾಡಲಾಯಿತು. ಜೂನ್ ತಿಂಗಳಲ್ಲಿ ಹೆಸರನ್ನೇ ಕೇಳದೆ ದೂರದವರನ್ನು ಹತ್ತಿರ ಮಾಡಿಕೊಳ್ಳಲಾಯಿತು. ಎರಡೂ ನಡೆದದ್ದು ಕೆಲವೇ ಮೈಲಿಗಳ ಅಂತರದಲ್ಲಿ, ಒಂದೇ ಬೇಸಿಗೆಯಲ್ಲಿ.

ನಮ್ಮ ಮುಂದಿರುವ ಪ್ರಶ್ನೆ

ಇಲ್ಲಿ ನಾವು ನಮ್ಮನ್ನೂ ಕೇಳಿಕೊಳ್ಳಬೇಕಾದ ಪ್ರಶ್ನೆ ಇದೆ. ರಕ್ತದಾನದಲ್ಲಿ, ಶವಸಂಸ್ಕಾರದಲ್ಲಿ, ಹಸಿದವರಿಗೆ ಊಟ ಕೊಡುವುದರಲ್ಲಿ ಮುಸ್ಲಿಂ ಯುವಕರು ಮುಂದಿದ್ದಾರೆ. ಆದರೆ ಮರಣಾನಂತರದ ಅಂಗಾಂಗ ದಾನದ ಮಾತು ಬಂದಾಗ ನಮ್ಮ ಮನೆಗಳಲ್ಲಿ ಮೌನ ಆವರಿಸುತ್ತದೆ. ದೇಹ ಅಲ್ಲಾಹನ ಅಮಾನತ್ತು, ಮೃತದೇಹಕ್ಕೆ ಗೌರವ ಸಲ್ಲಬೇಕು ಎಂಬ ಕಾಳಜಿ ನಿಜವಾದದ್ದು. ಅದನ್ನು ಹಗುರವಾಗಿ ಕಾಣುವಂತಿಲ್ಲ.

ಆದರೆ ಈ ವಿಷಯದಲ್ಲಿ ವಿದ್ವಾಂಸರು ಸುಮ್ಮನಿಲ್ಲ. ಮುಸ್ಲಿಂ ರಾಷ್ಟ್ರಗಳ ಒಕ್ಕೂಟದ ಫಿಕ್ಹ್ ಅಕಾಡೆಮಿ 1986ರಲ್ಲಿ ಅಮ್ಮಾನ್‌ನಲ್ಲಿ ಸೇರಿ, ಮಿದುಳು ಮತ್ತೆ ಚೇತರಿಸಲಾಗದಂತೆ ನಿಂತರೆ ಅದನ್ನು ಮರಣವೆಂದು ಪರಿಗಣಿಸಬಹುದು ಎಂದು ಹೇಳಿತು. 1988ರಲ್ಲಿ ಜಿದ್ದಾದಲ್ಲಿ ಸೇರಿ, ಷರತ್ತುಗಳೊಂದಿಗೆ ಅಂಗಾಂಗ ಕಸಿಗೆ ಅನುಮತಿ ಕೊಟ್ಟಿತು. ಮಾರಾಟ ಕೂಡದು, ಒಪ್ಪಿಗೆ ಇರಲೇಬೇಕು ಎಂಬುವು ಅದರ ಮುಖ್ಯ ಷರತ್ತುಗಳು. ಭಾರತದ ಉಲಮಾಗಳಲ್ಲಿ ಇಂದಿಗೂ ಭಿನ್ನಾಭಿಪ್ರಾಯವಿದೆ. ಭಿನ್ನಾಭಿಪ್ರಾಯವಿದೆ ಎಂಬುದು ಚರ್ಚೆಗೆ ಕಾರಣವಾಗಬೇಕೇ ಹೊರತು ಮೌನಕ್ಕಲ್ಲ. ಅದೂ ಅಲ್ಲದೆ, ನಮ್ಮವರಿಗೆ ಮೂತ್ರಪಿಂಡ ಬೇಕಾದಾಗ ಯಾರದೋ ಮನೆಯ ದಾನವನ್ನು ನಾವು ಕೃತಜ್ಞತೆಯಿಂದ ಸ್ವೀಕರಿಸುತ್ತೇವೆ. ಪಡೆಯುವುದು ಸರಿ, ಕೊಡುವುದು ಮಾತ್ರ ಸಂದೇಹ ಎಂಬ ನಿಲುವು ಹೆಚ್ಚು ಕಾಲ ನಿಲ್ಲಲಾರದು. ಈ ಪ್ರಶ್ನೆಯನ್ನು ಆಸ್ಪತ್ರೆಯ ಪಡಸಾಲೆಯಲ್ಲಿ, ದುಃಖದ ಗಳಿಗೆಯಲ್ಲಿ ಮೊದಲ ಬಾರಿ ಎದುರಿಸುವ ಬದಲು, ಮೊದಲೇ ಮನೆಯಲ್ಲಿ, ಮಸೀದಿಯಲ್ಲಿ, ವೈದ್ಯರನ್ನೂ ಉಲಮಾರನ್ನೂ ಕೂರಿಸಿಕೊಂಡು ಮಾತಾಡುವುದು ಒಳ್ಳೆಯದು.

ದೂರ ಹೆಚ್ಚಿದಂತೆ ಔದಾರ್ಯ ಇಳಿಯುತ್ತದೆ ಎನ್ನುವುದು ಮಿದುಳಿನ ಸ್ವಭಾವವಿರಬಹುದು. ಆದರೆ ಸ್ವಭಾವವೇ ಹಣೆಬರಹವಲ್ಲ. ಅರವಟಿಗೆ ಕಟ್ಟಿದವರು, ಝಕಾತನ್ನು ಹಕ್ಕೆಂದು ತಿಳಿದವರು, ಹುಚ್ಚನನ್ನು ರೋಗಿ ಎಂದು ಕರೆದವರು, ಶವಾಗಾರದ ಮುಂದೆ ನಿಂತು ಹೂಂ ಎಂದವರು, ಇವರೆಲ್ಲರ ಮಿದುಳೂ ನಮ್ಮದರ ಹಾಗೆಯೇ ಇತ್ತು. ಯಾರು ನಮ್ಮವರು ಎಂಬ ಪಟ್ಟಿಯನ್ನು ಅವರು ಉದ್ದ ಮಾಡುತ್ತಾ ಹೋದರು. ಆ ಪಟ್ಟಿಯನ್ನು ಮೊಟಕು ಮಾಡುವವರು ಇಂದು ಬಹಳ ಮಂದಿ ಇದ್ದಾರೆ. ಅದಕ್ಕೆ ಇನ್ನೊಂದು ಹೆಸರನ್ನು ಸೇರಿಸುವ ಕೆಲಸ ನಮ್ಮ ಪಾಲಿನದು.